ದೀಪ ಹಚ್ಚಿದ ಮೇಲೆ ಕೀಳದ ಸೊಪ್ಪು

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂಟಿ ಹವಾಯಿ ಚಪ್ಪಲಿಯೊಂದಿದೆ. ಬಾರು ಕಿತ್ತುಹೋಗಿದೆ, ಹಿಮ್ಮಡಿಯ ಕಡೆ ಸವೆದು ತೂತಾಗಿದೆ. ಮನೆಗೆ ಬಂದವರು ಇದನ್ನೇಕೆ ಎಸೆದಿಲ್ಲ ಎಂದು ಕೇಳುತ್ತಾರೆ. ಮೊನ್ನೆ ಕೊತ್ತಂಬರಿ ಹಾಕೋಣವೆಂದು ಒಂದು ಹಿಡಿ ಧನಿಯಾ ನೆಲಕ್ಕೆ ಸುರಿದು, ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಉಜ್ಜಿದೆ. ಕಾಳುಗಳು ಚಟಪಟ ಒಡೆದು ಎರಡೆರಡು ಹೋಳಾದವು. ಆ ಘಮ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು... ಉಳಿದವರಿಗೆ ಅದು ಸಾರಿನ ಪುಡಿಯ ವಾಸನೆ. ನನಗೆ ಅದರ ಜೊತೆಯಲ್ಲೇ ರಕ್ತದ ವಾಸನೆಯೂ ಬರುತ್ತದೆ.

ತರೀಕೆರೆಯಲ್ಲಿ ನಾವು ಬಾಡಿಗೆಗಿದ್ದಾಗಿನ ಮಾತಿದು. ನನ್ನ ಗಂಡನಿಗೆ ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನಗೂ ಪಕ್ಕದ ಮನೆಯವಳಿಗೂ ಹಿತ್ತಲು ಒಂದೇ, ನಲ್ಲಿಯೂ ಒಂದೇ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿತ್ತಲಿನ ಗೋಡೆಯುದ್ದಕ್ಕೂ ಪೇಂಟ್ ಡಬ್ಬ, ಒಡೆದ ಬಕೆಟ್ಟು, ಸೋರುವ ಕೊಡ ಸಾಲಾಗಿಟ್ಟು ಸೊಪ್ಪು ಬೆಳೆಯುತ್ತಿದ್ದಳು. ನಾನು ಮದುವೆಯಾಗಿ ಬಂದ ಹೊಸತು, ಒಂದು ತುಳಸಿಯನ್ನೂ ಬದುಕಿಸಿದವಳಲ್ಲ. ಅವಳು ಮೊದಲ ದಿನ ಚಪ್ಪಲಿಯಲ್ಲಿ ಧನಿಯಾ ಉಜ್ಜುವುದನ್ನು ಕಂಡು, ತಿನ್ನುವ ಪದಾರ್ಥಕ್ಕೆ ಚಪ್ಪಲಿಯೇ ಎಂದು ಮುಖ ಸಿಂಡರಿಸಿದ್ದೆ.

"ತೊಳ್ದಿಟ್ಟಿರೋದು ಕಣೇ. ಇಡೀ ಕಾಳು ಹಾಕಿದ್ರೆ ಸೋಮಾರಿ ಥರ ಮಲಗಿರ್ತದೆ, ಒಡೆದು ಹಾಕಿದ್ರೆ ಬೇಗ ಏಳ್ತದೆ" ಎಂದಳು. ಇದರ ಜೋಡಿ ಎಲ್ಲಿ ಎಂದು ಕೇಳಿದೆ. "ಅದು ನನ್ನ ಬೆನ್ನ ಮೇಲೆ ಹರಿದೋಯ್ತು" ಎಂದು ನಕ್ಕಳು. ತಮಾಷೆ ಎಂದುಕೊಂಡು ನಾನೂ ನಕ್ಕೆ. ಆ ಸಂಜೆಯೇ ಗೋಡೆಯಾಚೆಯಿಂದ ಪೆಟ್ಟಿನ ಸದ್ದು ಕೇಳಿಸಿತು.

ಅವಳ ಗಂಡ ಕುಡಿದು ಹೊಡೆಯುತ್ತಿದ್ದ ಎಂದು ಬರೆದಿದ್ದರೆ ಸುಲಭವಾಗುತ್ತಿತ್ತು. ಅವನು ಕುಡಿಯುತ್ತಿರಲಿಲ್ಲ. ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ, ಬೀದಿಯಲ್ಲಿ ಯಾರ ಬೈಕು ಕೆಟ್ಟರೂ ಓಡಿಬಂದು ಸರಿಮಾಡುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಅವಳ ಹಣೆಗೆ ಬೀಳುತ್ತಿತ್ತು. ಕರೆದಾಗ ತಡವಾಗಿ ಓಗೊಟ್ಟರೆ ಜಡೆ ಅವನ ಮುಷ್ಟಿಗೆ ಸುತ್ತಿಕೊಳ್ಳುತ್ತಿತ್ತು. ಅವಳನ್ನು ಹೊಡೆದು ದಣಿದರೆ ಹಿತ್ತಲಿಗೆ ಬಂದು ಡಬ್ಬಗಳನ್ನು ಒದೆಯುತ್ತಿದ್ದ. ಬೀದಿಯ ಹೆಂಗಸರು ಬಾಗಿಲು ಮುಂದೆಳೆದುಕೊಂಡು, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಿದ್ದರು. ಆ ಗಾದೆ ಕಟ್ಟಿದವರು ಕೈಗೆ ಸಿಕ್ಕಿದ್ದರೆ ಅದೇ ಚಪ್ಪಲಿಯಲ್ಲಿ ಎರಡು ಬಾರಿಸುತ್ತಿದ್ದೆ. ಉಂಡು ಮಲಗುತ್ತಿದ್ದವನು ಅವನೊಬ್ಬನೇ.

ಬೆಳಿಗ್ಗೆ ಅಕ್ಕ ಊದಿದ ತುಟಿಯಲ್ಲೇ ಹಿತ್ತಲಿಗೆ ಬರುತ್ತಿದ್ದಳು. ಚೆಲ್ಲಿದ ಮಣ್ಣನ್ನು ಗೋರಿ ತುಂಬುತ್ತಿದ್ದಳು, ಮುರಿದ ಪುದೀನದ ಕಡ್ಡಿಗಳನ್ನು ಆಯ್ದು ತುದಿಯ ಎಲೆ ಬಿಟ್ಟು ಉಳಿದವನ್ನು ಚಿವುಟಿ, ಲೋಟದ ನೀರಿಗೆ ಇಡುತ್ತಿದ್ದಳು. ನಾಲ್ಕು ದಿನಕ್ಕೆ ಬಿಳಿ ಬೇರು ಬರುತ್ತಿತ್ತು. ಸಂತೆಯಿಂದ ತಂದ ಕಟ್ಟಿನ ಕಡ್ಡಿಯಾದರೂ ಸಾಕು, ಹೊಸಬರು ಇದರಿಂದಲೇ ಶುರುಮಾಡಬೇಕು ಎಂದು ನನಗೆ ಕಲಿಸಿದ್ದೂ ಹಾಗೆಯೇ. ಡಬ್ಬದ ಬುಡಕ್ಕೆ ಮೊಳೆ ಹೊಡೆದು ತೂತು ಮಾಡುವುದು, ಬೆರಳು ಚುಚ್ಚಿ ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕುವುದು, ಅಡುಗೆಮನೆಯ ಮೆಂತ್ಯವನ್ನೇ ನೆನೆಸಿ ಚೆಲ್ಲುವುದು, ದೊಡ್ಡಪತ್ರೆಯ ತುಂಡೊಂದನ್ನು ಸುಮ್ಮನೆ ಮಣ್ಣಿಗೆ ಸಿಕ್ಕಿಸಿ ಮರೆತುಬಿಡುವುದು... ಎಲ್ಲ ಅವಳ ಪಾಠ. ಪುದೀನವನ್ನು ಮಾತ್ರ ಬೇರೆ ಡಬ್ಬದಲ್ಲಿಡಬೇಕು, ಇಲ್ಲದಿದ್ದರೆ ಪಕ್ಕದವರ ಜಾಗವನ್ನೆಲ್ಲ ತಿಂದುಬಿಡುತ್ತದೆ ಎನ್ನುತ್ತಿದ್ದಳು.

ಒಂದು ಸಂಜೆ ಒಗ್ಗರಣೆಗೆ ಕರಿಬೇವು ಬೇಕೆಂದು ನಾನು ಗಿಡಕ್ಕೆ ಕೈ ಹಾಕಿದಾಗ ಅಕ್ಕ ಪಟಾರನೆ ಕೈಗೆ ಹೊಡೆದಳು. "ದೀಪ ಹಚ್ಚಾಯ್ತು. ಮಲಗಿರೋ ಗಿಡ ಮುಟ್ತಾರೇನೇ?" ಎಂದಳು. ಅವಳ ಅಜ್ಜಿಯ ಕಾಲದಿಂದ ಬಂದ ಪದ್ಧತಿಯಂತೆ. ಅವಳಿಂದ ನಾನು ತಿಂದ ಏಟು ಅದೊಂದೇ. ಗಂಡನಿಗೆ ಎದುರುತ್ತರ ಕೊಡದವಳು ಇದೊಂದು ವಿಷಯದಲ್ಲಿ ಯಾರಿಗೂ ಜಗ್ಗುತ್ತಿರಲಿಲ್ಲ.

ಬಿಟ್ಟು ಹೋಗು ಎಂದು ನಾನು ದಿನಾ ಅವಳ ತಲೆ ತಿನ್ನುತ್ತಿದ್ದೆ. ಚೌಳಹಿರಿಯೂರಿನಲ್ಲಿ ಅವಳ ತಮ್ಮನಿದ್ದ, ತೆಂಗಿನ ತೋಟವಿತ್ತು, ಬಾ ಎಂದು ಕರೆಯುತ್ತಲೂ ಇದ್ದ. ಅವಳು ಹೂಂ ಎನ್ನುತ್ತಿದ್ದಳೇ ಹೊರತು ಹೊರಡುತ್ತಿರಲಿಲ್ಲ. ಒಮ್ಮೆ ಗಂಡ ಕಾದ ಸೌಟಿನಿಂದ ಅವಳ ಕುತ್ತಿಗೆ ಸುಟ್ಟ. ಮರುದಿನ ಆ ಗಾಯಕ್ಕೆ ನಾನು ಮುಲಾಮು ಹಚ್ಚುವಾಗ ತಾನಾಗಿಯೇ ಬಾಯಿಬಿಟ್ಟಳು.

"ಈ ಸಲ ಹೋಗೇಬಿಡ್ತೀನಿ ಕಣೇ. ಕೊತ್ತಂಬರಿ ಕೊಯ್ಲಿಗೆ ಬಂದದೆ. ತವರಿಗೆ ಬರಿಗೈಲಿ ಹೋಗಬಾರ್ದು, ಒಂದ್ ಕಟ್ಟು ಹಿಡ್ಕೊಂಡು ಹೋಗ್ತೀನಿ. ಮತ್ತೆ ಬರಲ್ಲ."

ತಮ್ಮನಿಗೆ ಫೋನ್ ಮಾಡಿದ್ದು ನಾನೇ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಎಂದ. ಇಬ್ಬನಿ ಆರುವ ಮೊದಲೇ ಕೊಯ್ದರೆ ದಾರಿಯಲ್ಲಿ ಬಾಡುವುದಿಲ್ಲವೆಂದು ಅಕ್ಕ ಶನಿವಾರ ಒಂದೆಲೆಯನ್ನೂ ಕೀಳಲಿಲ್ಲ. ಎರಡು ಸೀರೆ ತುಂಬಿದ ಅವಳ ಚೀಲ ನನ್ನ ಮನೆಯ ಅಕ್ಕಿ ಡಬ್ಬದ ಹಿಂದಿತ್ತು. ದೀಪ ಹಚ್ಚುವ ಮುಂಚೆ ಬಂದು ಈ ಚಪ್ಪಲಿಯನ್ನೂ ನನ್ನ ಕೈಗಿಟ್ಟು, ಬೆಳೆಸೋದು ಬಿಡಬೇಡ ಎಂದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದೇ ರಾತ್ರಿ ಅವಳ ಗಂಡ ಅಂಗಡಿಯ ಇಬ್ಬರನ್ನು ಕೋಳಿ ಸಾರಿನ ಊಟಕ್ಕೆ ಕರೆತಂದ. ನಾನು ನನ್ನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ.

"ಲೇ, ಮೇಲೆ ಹಾಕಕ್ಕೆ ಕೊತ್ತಂಬರಿ ಕಿತ್ಕೊಂಡ್ ಬಾ."

"ದೀಪ ಹಚ್ಚಾಯ್ತು. ಈಗ ಕೀಳಲ್ಲ."

ಎರಡೇ ಮಾತು. ಒಳಗೆ ನಗು ನಿಂತಿತು. ಬಂದವರ ಎದುರು ಹೆಂಡತಿ ಕೀಳುವುದಿಲ್ಲ ಎಂದಿದ್ದಳು. ಅವನು ಹಿತ್ತಲಿಗೆ ಬಂದವನೇ ಕೊತ್ತಂಬರಿಗೆ ಕೈ ಹಾಕಿ ಬೇರುಸಮೇತ ಕೀಳತೊಡಗಿದ. ಅಕ್ಕ ಓಡಿಬಂದು ಮಣಿಕಟ್ಟು ಹಿಡಿದಳು. ಅವನು ಕೆನ್ನೆಗೆ ಬಿಗಿದ ಏಟಿಗೆ ನೆಲಕ್ಕೆ ಬಿದ್ದಳು. ಎದ್ದಾಗ ಅವಳ ಕೈಯಲ್ಲಿ ಕಳೆ ಕೀಳುವ ಕುರ್ಪಿ ಇತ್ತು. ಅದನ್ನು ಅವನ ತೋಳಿಗೆ ಎಳೆದಳು. ಚರ್ಮ ಬಾಯಿಬಿಟ್ಟು ರಕ್ತ ಹರಿಯಿತು. ಸುಳ್ಳೇಕೆ ಹೇಳಲಿ, ಅದನ್ನು ಕಂಡು ನನಗೆ ಖುಷಿಯಾಯಿತು. ಇನ್ನೊಂದು ಹಾಕು ಎಂದು ಕಿರುಚಿಕೊಂಡೇ ನಾನು ಹಿತ್ತಲು ದಾಟಿ ಓಡಿದೆ.

ಅಷ್ಟರಲ್ಲಿ ಅವನು ಮಣ್ಣು ತುಂಬಿದ ಪೇಂಟ್ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಯ ಮೇಲೆ ಹಾಕಿದ. ನಾನು ಸೌದೆಯಿಂದ ಅವನ ಬೆನ್ನಿಗೆ, ಮೊಣಕಾಲಿಗೆ ಸಿಕ್ಕಸಿಕ್ಕಲ್ಲಿ ಬಾರಿಸಿದೆ. ಊಟಕ್ಕೆ ಬಂದವರು ಆಗ ಎದ್ದು ಬಂದು ಅವನನ್ನು ಹಿಡಿದುಕೊಂಡರು. ಅಕ್ಕ ನಲ್ಲಿಯ ಕಲ್ಲಿಗೆ ಒರಗಿ ಬಿದ್ದಿದ್ದಳು. ಕೂದಲಲ್ಲಿ ಕೊತ್ತಂಬರಿ, ಬಾಯಲ್ಲಿ ಮಣ್ಣು. ಬೆರಳು ಹಾಕಿ ಮಣ್ಣು ತೆಗೆದೆ, ಅದು ರಕ್ತದ ಜೊತೆ ಕಲೆಸಿ ಬಂತು. ಜಜ್ಜಿದ ಸೊಪ್ಪಿನ ಘಮ ಹಿತ್ತಲೆಲ್ಲ ತುಂಬಿತ್ತು... ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದೆವು. ಮೊದಲ ಬಸ್ಸಿಗೆ ಅವಳ ತಮ್ಮ ತರೀಕೆರೆಯಲ್ಲಿ ಇಳಿಯುವಷ್ಟರಲ್ಲಿ ಅವಳ ಜೀವ ಹೋಗಿತ್ತು.

ಅವನು ಜೈಲಿಗೆ ಹೋದ. ಕಂಡದ್ದನ್ನೆಲ್ಲ ನಾನು ಕೋರ್ಟಿನಲ್ಲಿ ಹೇಳಿದೆ. ಗಾದೆ ಹೇಳುತ್ತಿದ್ದ ಹೆಂಗಸರು ಈಗ ಹೊಸ ಮಾತು ಹಿಡಿದರು. "ಒಂದ್ ಹಿಡಿ ಸೊಪ್ಪು ಕಿತ್ಕೊಟ್ಟಿದ್ರೆ ಮುಗೀತಿತ್ತಲ್ಲ, ಏನ್ ಹಟ ಅಂತೀನಿ." ನಲ್ಲಿಯ ಹತ್ತಿರ ಹೀಗೆಂದವಳ ಮೇಲೆ ಕೊಡದ ನೀರನ್ನೆಲ್ಲ ಸುರಿದೆ. ಆ ಬೀದಿಯಲ್ಲಿ ನನ್ನನ್ನು ಬಜಾರಿ ಎಂದರು. ಅನ್ನಲಿ ಎಂದುಕೊಂಡೆ, ಇವತ್ತಿಗೂ ಹಾಗೆಯೇ ಅಂದುಕೊಳ್ಳುತ್ತೇನೆ. ಆಮೇಲೆ ನಾವು ಕಡೂರಿಗೆ ಬಂದೆವು. ಸಾಮಾನು ಕಟ್ಟುವಾಗ ಈ ಚಪ್ಪಲಿಯನ್ನೂ, ಆ ಗಲಾಟೆಯಲ್ಲಿ ಉಳಿದ ಪುದೀನದ ಎರಡು ಕಡ್ಡಿಯನ್ನೂ ತಂದೆ. ಕಡ್ಡಿ ಹತ್ತಿಕೊಂಡಿತು. ಈಗ ಬಾಲ್ಕನಿ ತುಂಬ ಅದೇ.

ಮೊನ್ನೆ ಒಡೆದ ಧನಿಯಾವನ್ನು ಮಣ್ಣಿಗೆ ಹಾಕಿ, ತೆಳ್ಳಗೆ ಮುಚ್ಚಿ, ಕೈತೊಳೆದು ದೇವರಿಗೆ ದೀಪ ಹಚ್ಚಿದೆ. ಗಿಡ ನಿಜವಾಗಿ ಮಲಗುತ್ತದೋ ಇಲ್ಲವೋ ನಾನರಿಯೆ, ನಂಬುವುದೂ ಇಲ್ಲ. ಆದರೆ ಅಕ್ಕ ಹೋದ ಮೇಲೆ ಸಂಜೆ ಒಂದೆಲೆಯನ್ನೂ ಕಿತ್ತಿಲ್ಲ. ಅಡುಗೆಮನೆಯಲ್ಲಿ ಮೊಸರನ್ನ ಕಲೆಸುತ್ತಿದ್ದ ನನ್ನ ಗಂಡ ಕೂಗಿ ಕೇಳಿದರು.

"ಹಳೇ ಡಬ್ಬದಲ್ಲಿ ಕೊತ್ತಂಬರಿ ಇದ್ರೆ ಒಂಚೂರು ತರ್ತೀಯೇನೇ?"

"ದೀಪ ಹಚ್ಚಾಯ್ತು. ಕೀಳಲ್ಲ."

"ಓ... ಸರಿ ಬಿಡು" ಎಂದರು.

ಕೊತ್ತಂಬರಿಯಿಲ್ಲದೆಯೇ ತಟ್ಟೆಗೆ ಬಡಿಸಿಕೊಂಡು, ನನಗೂ ಬಡಿಸಿ ಕರೆದರು. ನಾನು ಒಳಗೆ ಹೋಗಲಾರದೆ ಚಪ್ಪಲಿ ಹಿಡಿದುಕೊಂಡು ಬಾಲ್ಕನಿಯಲ್ಲೇ ಕೂತು ಅತ್ತೆ. ಅಷ್ಟೇ ಸಾಕಿತ್ತು. ಸರಿ ಬಿಡು ಎಂಬ ಒಂದು ಮಾತು ಆ ಮನೆಯಲ್ಲೂ ಇದ್ದಿದ್ದರೆ ಅಕ್ಕ ಮರುದಿನ ಬೆಳಿಗ್ಗೆ ಕೊತ್ತಂಬರಿ ಕಟ್ಟು ಹಿಡಿದು ಬಸ್ಸು ಹತ್ತುತ್ತಿದ್ದಳು.