ಬೀಗತಿ ಹೊದ್ದ ದರ್ಬಾರಿ ಶಾಲು

"ನಾ ಫೋಟೋಕ್ಕ ಬರಾಂಗಿಲ್ರಿ ಬೀಗರ," ಅಂತ ನನ್ನ ಮೊಮ್ಮಗ ಲಗ್ನ ಆಗೋ ಹುಡುಗಿಯ ಅಜ್ಜಿ ಗ್ವಾಡಿಗೆ ಆತು ಕುಂತಬಿಟ್ರು. ಬಬಲೇಶ್ವರದಾಗ ನಿಶ್ಚಯ ನಡದಿತ್ತು. ಲಕ್ವಾ ಹೊಡದು ಅವರ ಬಲಗೈ ಸೊಟ್ಟಗಾಗಿತ್ತು, ಅದು ಫೋಟೋದಾಗ ಕಾಣಬಾರದು ಅಂತ ಹಟ. ಹುಡುಗಿ, ಅಜ್ಜಿ ಇಲ್ಲದ ಫೋಟೋನ ಬ್ಯಾಡ ಅಂತ ಅಳಾಕತ್ತಿದ್ಲು.

ಬೀಗತೇರನ್ನ ಕಾಡೋದ್ರಾಗ ವಿಜಯಪುರ ಜಿಲ್ಲಾಕ್ಕ ನಾನ ಬಾದಶಾ. ಹೆಗಲ ಮ್ಯಾಲಿನ ದರ್ಬಾರಿ ಶಾಲು ತಗದು ಅವರ ಮುಂದ ಹರವಿದೆ. ಅಂಚಿಗೆ ಅರಮನಿ ಹೂಬಳ್ಳಿ, ಸೆರಗಿನಾಗ ಅಂಬಾರಿ ಹೊತ್ತ ಆನಿ.

"ರಾಜರು ಇಂಥಾ ಶಾಲು ಎಡ ಹೆಗಲಿಂದ ಇಳಿಬಿಟ್ಟು, ಬಲಗೈ ಒಳಗ ಮುಚ್ಚಕೋತಿದ್ರು. ನಿಮಗೆಲ್ಲಿ ಬರಬೇಕ ಬಿಡ್ರಿ!" ಅಂದೆ. ರಾಜರ ಮಾತು ಪೂರಾ ನನ್ನ ಪುಗಸಟ್ಟಿ ಸುಳ್ಳು.

"ಕೊಡ್ರಿ ಇಲ್ಲೆ! ನೀವು ಟಾವೆಲ್ ಹಾಕ್ಕೊಂಡಂಗ ಹಾಕ್ಕೊಂಡಿದ್ರಿ, ಆನಿ ಕಾಲು ಮ್ಯಾಲ ಮಾಡಿದ್ವು," ಅಂತ ಅಜ್ಜಿ ಶಾಲು ಕಸಗೊಂಡ್ರು. ಎಡಗೈಲೆ ಆನಿ ಸಾಲು ನೆಟ್ಟಗ ಎದಿ ಮ್ಯಾಲ ಇಳಿಸಿ, ಹೂಬಳ್ಳಿ ಅಂಚು ತಲಿ ಮ್ಯಾಲಿಂದ ಎಳಕೊಂಡು ಎದ್ದು ನಿಂತ್ರು. ಯಪ್ಪಾ, ಖರೇನ ಪಟ್ಟದ ರಾಣಿ! ಬಲಗೈ ಮಾತ್ರ ಶಾಲಿನಾಗ ಮುಚ್ಚಲೇ ಇಲ್ಲ. ಅದನ್ನ ಎಡಗೈಲೆ ಎತ್ತಿ ಮೊಮ್ಮಗಳ ತಲಿ ಮ್ಯಾಲ ಇಟ್ಟು, "ತಗಿಯೋ ತಮ್ಮಾ ಫೋಟೋ," ಅಂದ್ರು.

ಆ ಫೋಟೋ ಈಗ ನಮ್ಮ ಪಡಸಾಲ್ಯಾಗ ಐತ್ರಿ. ಬಂದೋರೆಲ್ಲ ಯಾವ ಸಂಸ್ಥಾನದ ರಾಣಿ ಅಂತ ಕೇಳ್ತಾರ, ನಮ್ಮ ಬೀಗತಿ ಅಂತ ಎದಿ ಉಬ್ಬಿಸಿ ಹೇಳ್ತೇನಿ. ಶಾಲು ವಾಪಸ್ ಕೇಳೋ ಧೈರ್ಯ ಮಾತ್ರ ಈ ಬಾದಶಾಗ ಇನ್ನೂ ಬಂದಿಲ್ಲ.