ಅಪ್ಪಯ್ಯಣ್ಣ ತಂದ ಹೆಪ್ಪು

ನಮ್ಮ ತಾತ ಅಪ್ಪಯ್ಯಣ್ಣ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸೂಪರ್‌ವೈಸರಿಗೂ ಹೆದರದ ಮನುಷ್ಯ, ಅಜ್ಜಿ ಅಂಜಿನಮ್ಮನ ಮೊಸರಿನ ಗಡಿಗೆಗೆ ಹೆದರುತ್ತಿದ್ದರು. ಆ ಗಡಿಗೆಯ ಹೆಪ್ಪು ಅಜ್ಜಿಯ ಮದುವೆಯಾದಾಗ ಸಾಸಲಿನ ತವರಿನಿಂದ, ಅವರವ್ವನ ಕೈಯಿಂದ ಬಂದದ್ದು. ಅವ್ವ ತೀರಿಕೊಂಡ ಮೇಲೂ ಅಜ್ಜಿ ಅದನ್ನು ಕೈಬಿಡದೆ ಕಾಪಾಡಿಕೊಂಡು ಬಂದಿದ್ದರು.

ನನಗೆ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಕೆಲಸ. ಮೊಸರಿನ ಬ್ಯಾಕ್ಟೀರಿಯಾಗಳು ಒಂದೇ ಜಾತಿಯವಾದರೂ ಮನೆಮನೆಗೆ ತಳಿ ಬೇರೆ ಇರಬಹುದು. ಅದನ್ನು ನಾವು ಡಿಎನ್‌ಎ ಚಿಪ್‌ನಲ್ಲಿ ನೋಡುತ್ತೇವೆ. ಪುಟ್ಟ ಗಾಜಿನ ಮೇಲೆ ಸಾವಿರಾರು ಜೀನುಗಳ ಚುಕ್ಕಿ ಇರುತ್ತದೆ. ಒಂದು ತಳಿಯ ಡಿಎನ್‌ಎಗೆ ಕೆಂಪು, ಇನ್ನೊಂದರದಕ್ಕೆ ಹಸಿರು ಬಣ್ಣ ಸೇರಿಸಿ ಅದರ ಮೇಲೆ ಬಿಟ್ಟರೆ, ಎರಡರಲ್ಲೂ ಇರುವ ಜೀನಿನ ಚುಕ್ಕಿ ಹಳದಿಯಾಗಿ ಕಾಣುತ್ತದೆ. ಒಂದರಲ್ಲಿ ಮಾತ್ರ ಇದ್ದರೆ ಕೆಂಪೋ ಹಸಿರೋ ಆಗಿ ಉಳಿಯುತ್ತದೆ. ಅಜ್ಜಿಯ ಮೊಸರನ್ನೂ ಸಾಸಲಿನಲ್ಲಿ ಅದೇ ಹೆಪ್ಪು ಉಳಿಸಿಕೊಂಡಿದ್ದ ಅವರ ತಮ್ಮನ ಮನೆಯ ಮೊಸರನ್ನೂ ಹೀಗೆ ಹೋಲಿಸಿ ನೋಡುತ್ತೇನೆ ಎಂದೆ. ಅಜ್ಜಿ ಹಿಗ್ಗಿದರು. ತಾತನ ಮುಖ ಇಂಗು ತಿಂದ ಮಂಗನಂತಾಯಿತು.

ಮೊಸರು ಲ್ಯಾಬಿಗೆ ಹೋದ ಮೇಲೆ ತಾತ ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಕೊನೆಗೆ ಅಡುಗೆಮನೆಗೆ ಹೋಗಿ ಬಾಯಿಬಿಟ್ಟರು.

"ಇವಳೇ, ನೀನು ಆಪರೇಷನ್‌ಗೆ ಆಸ್ಪತ್ರೇಲಿದ್ದಾಗ ಮೊಸ್ರು ಬೂಷ್ಟು ಹಿಡ್ಕೊಂಡ್ಬಿಡ್ತು, ಎಲ್ಲಾ ಚೆಲ್ಬೇಕಾಯ್ತು. ನಿಂಗೆ ಹೇಳೋಕೆ ಭಯ ಆಗಿ, ಪಕ್ಕದ್ಮನೆ ಅಕ್ಕಯಮ್ಮನ ಹತ್ರ ಹೆಪ್ಪು ತಂದ್ಬಿಟ್ಟೆ."

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಡಿಗೆಯಲ್ಲಿದ್ದ ಮೊಸರನ್ನೆಲ್ಲ ಹಸುವಿನ ಕಲಗಚ್ಚಿಗೆ ಸುರಿದರು.

"ನಮ್ಮವ್ವ ಇನ್ನೊಂದ್ಸಲ ಸತ್ತಂಗಾಯ್ತು ಕಣ್ರೀ," ಎಂದು ಅಲ್ಲೇ ಕೂತು ಅತ್ತರು. ತಾತನೂ ಕಣ್ಣೊರೆಸಿಕೊಂಡರು. ಒಂದು ಗಡಿಗೆ ಮೊಸರಿಗೆ ಇಷ್ಟು ರಾದ್ಧಾಂತವೇ ಎಂದು ನನಗೆ ಸಿಟ್ಟೂ ಬಂತು, ಇಬ್ಬರ ಮೇಲೂ ಹೇಳಲಾಗದಷ್ಟು ಪ್ರೀತಿಯೂ ಬಂತು.

ಚಿಪ್‌ನ ಚಿತ್ರ ಬಂದಾಗ ನಾನೇ ನಂಬಲಿಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಚುಕ್ಕಿಗಳೆಲ್ಲ ಹಳದಿ. ಅಕ್ಕಯಮ್ಮನ ಮನೆಯಿಂದ ಬಂದ ತಳಿ ಸಾಸಲಿನದೇ ಆಗಿತ್ತು. ಸಂಜೆ ಮನೆಗೆ ಬಂದವಳೇ ಕಾಂಪೌಂಡ್ ಹತ್ತಿರ ನಿಂತು, ಹೆಪ್ಪು ಯಾರದೆಂದು ಅಕ್ಕಯಮ್ಮನನ್ನು ಕೇಳಿದೆ.

"ನಿಮ್ಮಜ್ಜೀದೇ ಕಣೇ ಸಿಂಚನಾ. ನಾನು ಹೊಸದಾಗಿ ಸಂಸಾರ ಹೂಡ್ದಾಗ ಕೊಟ್ಟಿದ್ರು. ಅವತ್ತಿಂದ ಅದನ್ನೇ ಹಾಕ್ಕೊಂಡು ಬಂದಿದೀನಿ," ಎಂದರು.

ಜಗಲಿಯಲ್ಲಿದ್ದ ಅಜ್ಜಿಗೆ ಅದು ಕೇಳಿಸಿತು. ಎದ್ದು ಒಳಗೆ ಹೋಗಿ ಒಂದು ಬಟ್ಟಲು ತೊಳೆದು ತಂದು ತಾತನ ಕೈಗಿಟ್ಟರು.

"ಹೋಗಿ," ಎಂದರು, "ನಮ್ಮವ್ವನ್ನ ಕರ್ಕೊಂಡ್ಬನ್ನಿ."