ಶರಣವ್ವ ಟೀಚರು ಹೊಲಿಸಿದ ಕೌದಿ

ಶರಣವ್ವ ಟೀಚರು ರಿಟೈರ್ ಆಗುವವರೆಗೂ ಎಷ್ಟೋ ವರ್ಷ ಮಕ್ಕಳಿಗೆ ಬಣ್ಣದ ಕಾಗದದ ಚಾಪೆ ಹೆಣೆಯುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲ. ಕಾಗದವನ್ನೂ ಅವರೇ ತರುತ್ತಿದ್ದರು. ಮಕ್ಕಳು ಮನೆಯಿಂದ ಒಂದು ದಾರದ ತುಂಡನ್ನೂ ತರಬಾರದೆಂದು ಕಟ್ಟಪ್ಪಣೆ. ಹೊಸದಾಗಿ ಬಂದ ಟೀಚರುಗಳು ಇದನ್ನು ಕಂಡು, ಈ ಯಮ್ಮ ಪೆನ್ಷನ್ನಿಗೆ ದಿನ ಎಣಿಸುತ್ತಾ ಕೂತಿದೆ ಎಂದು ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ಶರಣವ್ವ ಯಾರಿಗೂ ಹೇಳಲಿಲ್ಲ.

ಶರಣವ್ವ ಬಾಗಲಕೋಟೆ ಕಡೆಯವರು. ಗಂಡ ಕಾಶಿನಾಥನಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೈಮ್ ಕೀಪರ್ ಕೆಲಸ ಸಿಕ್ಕಿ, ಇಬ್ಬರೂ ಯಲಹಂಕದಲ್ಲಿ ಒಂದು ವಠಾರದ ಮನೆ ಹಿಡಿದರು. ಹುಣಸಮಾರನಹಳ್ಳಿಯ ದಾರಿಯಲ್ಲಿದ್ದ ಒಂದು ಸರ್ಕಾರಿ ಶಾಲೆಯಲ್ಲಿ ಶರಣವ್ವನಿಗೆ ಕ್ರಾಫ್ಟ್ ಟೀಚರ್ ಕೆಲಸವಾಯಿತು. ಮೊದಲ ದಿನ ಕ್ಲಾಸಿನಲ್ಲಿ "ಸುಮ್ಮ ಕುಂದರ್ರಿ" ಅಂದದ್ದಕ್ಕೆ ಹುಡುಗಿಯರು ಹದಿನೈದು ದಿನ ನಕ್ಕರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಶರಣವ್ವನೂ "ಕೂತ್ಕೊಳ್ರಿ" ಅನ್ನುವುದನ್ನು ಕಲಿತರು. ಸಿಟ್ಟು ಬಂದಾಗ ಮಾತ್ರ ಬಾಗಲಕೋಟೆ ಹಾಗೇ ಹೊರಗೆ ಬರುತ್ತಿತ್ತು. ಸಿಟ್ಟೂ ಬೇಗ, ಅಳುವೂ ಬೇಗ, ಮಾತಂತೂ ಎರಡಕ್ಕಿಂತ ಬೇಗ.

ಆ ಕಾಲದ ಶಾಲೆಯಲ್ಲಿ ಕ್ರಾಫ್ಟ್ ಟೀಚರೆಂದರೆ ಅಳಿಯನ ಮನೆಯಲ್ಲಿ ಬಂದು ಕೂತ ಮಾವನಿದ್ದ ಹಾಗೆ, ಎದ್ದು ಹೋದರೂ ಯಾರೂ ಕೇಳುವುದಿಲ್ಲ. ಲೆಕ್ಕದ ಪಾಠ ಹಿಂದೆ ಬಿದ್ದರೆ ಅವರ ಪೀರಿಯಡ್ಡು ಲೆಕ್ಕದವರಿಗೆ ಹೋಗುತ್ತಿತ್ತು. ಪೆಟ್ಟಿಗೆಯಲ್ಲಿದ್ದ ನೂಲು ತೆಗೆಯುವ ತಕಲಿಗಳೆಲ್ಲ ಮುರಿದಿದ್ದವು. ಹೀಗಿರುವಾಗ ಒಂದು ಸಂತೆಯ ದಿನ ಕಡಲೆಕಾಯಿ ಮಾರುವವನು ಪೊಟ್ಟಣ ಕಟ್ಟಲು ಹರಿಯುತ್ತಿದ್ದ ಒಂದು ಕಾದಂಬರಿಯನ್ನು ಶರಣವ್ವ ಅವನ ಕೈಯಿಂದ ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ರಟ್ಟೂ ಮೊದಲ ಹದಿನಾರು ಪುಟಗಳೂ ಕಡಲೆಕಾಯಿ ಜೊತೆ ಊರು ಸೇರಿದ್ದವು. ಬರೆದವರು ಯಾರು, ಪುಸ್ತಕದ ಹೆಸರೇನು, ತಿಳಿಯುವಂತಿರಲಿಲ್ಲ. ಕತೆ ಮಾತ್ರ ಉಳಿದಿತ್ತು. ಮನೆ ಪಾಲಾದಾಗ ಯಾವ ಮಗನ ಪಾಲಿಗೂ ಬೀಳದ ಒಬ್ಬ ಮುದುಕಿ, ಬಟ್ಟೆಯ ಗಂಟು ಹೊತ್ತು ಹೆಣ್ಣುಮಕ್ಕಳ ಮನೆಯಿಂದ ಮನೆಗೆ ಹೋಗುತ್ತಾಳೆ, ಹೋದಲ್ಲೆಲ್ಲ ಜಗಲಿಯಲ್ಲಿ ಕೂತು ಒಂದೇ ಕೌದಿ ಹೊಲಿಯುತ್ತಾಳೆ. ಒಂದೊಂದು ತುಂಡಿಗೆ ಒಂದೊಂದು ಕತೆ.

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಶರಣವ್ವ ಏಳನೇ ಕ್ಲಾಸಿನ ಹುಡುಗಿಯರಿಗೆ ಅದನ್ನು ಓದತೊಡಗಿದರು. ನಾಲ್ಕು ವಾರ ಕಳೆಯುವಷ್ಟರಲ್ಲಿ ಶನಿವಾರ ಯಾರೂ ತಪ್ಪಿಸದಂತಾಯಿತು. ಆಗ ಅವರಿಗೆ ಯೋಚನೆ ಹೊಳೆಯಿತು: ನಾವೂ ಒಂದು ಕೌದಿ ಹೊಲಿಯೋಣ. ಪ್ರತಿಯೊಬ್ಬಳೂ ಮನೆಯಿಂದ ಒಂದು ಗೇಣು ಬಟ್ಟೆ ತರಬೇಕು. ಹೊಸದಾಗಿರಬಾರದು, ಯಾರಾದರೂ ಉಟ್ಟು ತೊಟ್ಟದ್ದಾಗಿರಬೇಕು. ಎದ್ದು ನಿಂತು ಅದರ ಕತೆ ಹೇಳಿ, ಆಮೇಲೆ ಹೊಲಿಯಬೇಕು. ತಮ್ಮ ಊರಿನಲ್ಲಿ ಅಜ್ಜಿ ಸತ್ತರೆ ಅವಳ ಸೀರೆ ಮೊಮ್ಮಕ್ಕಳ ಕೌದಿಗೆ ಬರುತ್ತದೆ, ಹೊದ್ದುಕೊಂಡರೆ ಅಜ್ಜಿಯ ಮಡಿಲಲ್ಲೇ ಮಲಗಿದ ಹಾಗೆ ಎಂದು ಶರಣವ್ವ ಹೇಳಿದರು. ಹುಡುಗಿಯರು ಬಾಯಿ ಬಿಟ್ಟು ಕೇಳಿದರು. ಈ ಕಡೆ ಸತ್ತವರ ಸೀರೆಯನ್ನು ಏನು ಮಾಡುತ್ತಾರೆ ಎಂದು ಮಾತ್ರ ಶರಣವ್ವ ಯಾರನ್ನೂ ಕೇಳಲಿಲ್ಲ. ಐದು ವರ್ಷ ಈ ಊರಿನ ನೀರು ಕುಡಿದವರು ಕೇಳಬೇಕಿತ್ತು.

ಬಟ್ಟೆಗಳು ಬಂದವು. ಟೈಲರ್ ಮಗಳು ನಸೀಮಾ ಒಂದು ತೋಳು ತಂದಳು. ಅವಳಪ್ಪ ಮೊಟ್ಟಮೊದಲು ಹೊಲಿದ ಅಂಗಿಯದಂತೆ, ಎರಡು ತೋಳೂ ಎಡಗಡೆಯವೇ ಆಗಿ ಗಿರಾಕಿ ಅದನ್ನು ಅಪ್ಪನ ಮುಖಕ್ಕೆ ಎಸೆದು ಹೋದನಂತೆ. ಕ್ಲಾಸೆಲ್ಲ ನಕ್ಕಿತು. ಅಂಜನಮ್ಮ ಮಾತ್ರ ಎರಡು ವಾರ ಬರಿಗೈಯಲ್ಲಿ ಬಂದಳು.

ಈ ಅಂಜನಮ್ಮ ಹುಣಸಮಾರನಹಳ್ಳಿಯ ದೊಡ್ಡಮುನಿಯಪ್ಪನವರ ಮಗಳು. ದ್ರಾಕ್ಷಿ ತೋಟದ ಮನೆ. ತಾಯಿ ತೀರಿಹೋಗಿ ಆರು ವರ್ಷ, ತಂದೆ ಇನ್ನೊಂದು ಮದುವೆಯಾಗಿದ್ದರು, ಮನೆಯ ಯಜಮಾನಿಕೆ ಅಜ್ಜಿ ಮುನಿಗಂಗಮ್ಮನವರದು. ಹುಡುಗಿಗೆ ಹಿಂದಿನ ವಾರದ ಅಧ್ಯಾಯ ಹೇಳು ಅಂದರೆ, ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದಳು. ಆ ಸೇರಿಸಿದ್ದೇ ಪುಸ್ತಕಕ್ಕಿಂತ ಚೆನ್ನಾಗಿರುತ್ತಿತ್ತು. ಇಂಥ ಮಗು ಶರಣವ್ವನಿಗೆ ಹಿಂದೆ ಸಿಕ್ಕಿರಲಿಲ್ಲ. ಇವಳು ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾಗಬೇಕು, ಯಲಹಂಕದ ಹೈಸ್ಕೂಲಿಗೆ ಹೋಗಬೇಕು, ತನಗಿಂತ ದೊಡ್ಡ ಟೀಚರ್ ಆಗಬೇಕು ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದರು. ಜೂನ್ ತಿಂಗಳಲ್ಲೇ ಹುಡುಗಿಯನ್ನು ಬಿಡಿಸುವ ಮಾತು ಬಂದಾಗ ಮನೆಗೆ ಹೋಗಿ ಅಜ್ಜಿಯ ಮುಂದೆ ಗೋಗರೆದು, "ಮಾರ್ಚ್‌ಗಂಟ ಬರ್ಲಿ ಬುಡಿ" ಅನ್ನಿಸಿಕೊಂಡು ಬಂದಿದ್ದರು. ಮಾರ್ಚಿನವರೆಗೆ ಹಿಡಿದಿಟ್ಟುಕೊಂಡರೆ ಮುಂದಿನದನ್ನು ಮುಂದೆ ನೋಡಿಕೊಳ್ಳಬಹುದು ಎಂಬ ಧೈರ್ಯ ಅವರದು.

ಮೂರನೇ ಶನಿವಾರ ಅಂಜನಮ್ಮ ಒಂದು ಗೇಣು ಹಸಿರು ಬಟ್ಟೆ ತಂದಳು. ಕೆಂಪು ಅಂಚು, ಒಂದು ಸುಕ್ಕಿಲ್ಲ. ಎದ್ದು ನಿಂತು, ಇದು ನಮ್ಮಮ್ಮಂದು ಅಂದಳು. ಅಮ್ಮ ಚಪ್ಪರದ ಕೆಳಗೆ ಬಗ್ಗಿಕೊಂಡು ದ್ರಾಕ್ಷಿ ಕೀಳುತ್ತಿದ್ದಳಂತೆ, ತಾನು ನೆಟ್ಟಗೆ ನಡೆದುಕೊಂಡು ಹಿಂದೆ ಹೋಗುತ್ತಿದ್ದಳಂತೆ. ನಿನ್ನ ತಲೆಗೆ ಚಪ್ಪರ ತಾಗುವಷ್ಟು ಆದಾಗ ಹೇಗೆ ಬಗ್ಗಬೇಕು ಅಂತ ಹೇಳಿಕೊಡುತ್ತೇನೆ ಎಂದು ಅಮ್ಮ ಅಂದಿದ್ದಳಂತೆ. "ಈಗ ತಾಗ್ತದೆ" ಎಂದು ಹೇಳಿ ಹುಡುಗಿ ಕೂತುಬಿಟ್ಟಳು.

ಶರಣವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಟ್ಟೆ ಎಲ್ಲಿಂದ ಕತ್ತರಿಸಿದೆ ಎಂದು ಕೇಳುವುದು ಹೊಳೆಯಲೇ ಇಲ್ಲ. ಅದನ್ನು ಕೌದಿಯ ನಟ್ಟನಡುವೆ ಇಟ್ಟು, ಹುಡುಗಿಯರ ಕೈಗೂ ಕೊಡದೆ, ತಾವೇ ಮೂರು ಸುತ್ತು ಒತ್ತಾಗಿ ಹೊಲಿದರು. ಬೆಲ್ ಆದ ಮೇಲೆ ಅಂಜನಮ್ಮ ಹತ್ತಿರ ಬಂದು, ಇದು ಇಲ್ಲಿದ್ದರೆ ಅಮ್ಮ ಸ್ಕೂಲಿಗೂ ಬರುತ್ತಾಳಾ ಎಂದು ಕೇಳಿದಳು.

"ಬರ್ತಾಳವ್ವ, ಯಾಕ ಬರೂದಿಲ್ಲ" ಅಂದರು ಶರಣವ್ವ. ಅಷ್ಟು ಸಲೀಸಾಗಿ ಅಂದರು.

ಆಮೇಲೆ ಮಹಾಲಯ ಅಮಾವಾಸ್ಯೆ ಬಂತು. ಆ ಕಡೆಯ ಒಕ್ಕಲು ಮನೆಗಳಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಮಾಡಿ, ಬಾಳೆ ಎಲೆಗೆ ಬಡಿಸಿ, ಪಕ್ಕದಲ್ಲಿ ಅವರ ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಅಷ್ಟು ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಆಮೇಲೆ ಒಂದು ಎಲೆಯನ್ನು ಮನೆಯ ಮೇಲೆ ಕಾಗೆಗೆ ಇಡುತ್ತಾರೆ. ದೊಡ್ಡಮುನಿಯಪ್ಪನವರ ಮನೆಯಲ್ಲಿ ಅಂಜನಮ್ಮನ ತಾಯಿಗೆಂದು ಒಂದು ಹಸಿರು ಸೀರೆ ಟ್ರಂಕಿನಲ್ಲಿತ್ತು. ಅದನ್ನು ಯಾರೂ ಉಡುವುದಿಲ್ಲ, ವರ್ಷಕ್ಕೊಂದು ಸಲ ಅವಳಿಗೆಂದೇ ತೆಗೆಯುತ್ತಾರೆ. ಆ ವರ್ಷ ಮುನಿಗಂಗಮ್ಮ ಸೀರೆಯ ಮಡಿಕೆ ಬಿಚ್ಚಿದರೆ ಒಳಸೆರಗಿನಲ್ಲಿ ಒಂದು ಗೇಣು ಇಲ್ಲ. ಮನೆಯಲ್ಲಿ ಎರಡನೆಯ ಸೊಸೆ ಏಳು ತಿಂಗಳ ಬಸುರಿ, ಸತ್ತವಳು ಮುನಿದರೆ ಇವಳಿಗೇನಾಗುತ್ತದೋ ಎಂದು ಮುದುಕಿಗೆ ಭಯ.

ಮಾರನೆಯ ದಿನ ಅಜ್ಜಿಯೂ ತಂದೆಯೂ ಶಾಲೆಗೆ ಬಂದರು. ಕಾಲು ಕೆದರಿ ಜಗಳಕ್ಕೆ ಬಂದವರಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು, ಮಗು ತಿಳಿಯದೆ ತಂದುಬಿಟ್ಟಿದೆ, ಬಟ್ಟೆ ಕೊಡಿ, ಮತ್ತೆ ಹಾಕಿ ಹೊಲಿಸುತ್ತೇವೆ ಎಂದು ಕೇಳಿದರು. ಬಿಚ್ಚಿ ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಶರಣವ್ವ ಕೊಡಲಿಲ್ಲ, ಮಾತಾಡಿದರು. ನಮ್ಮ ಕಡೆ ಇದು ಮರ್ಯಾದೆ ಅಂದರು. ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಕೊಳೆಯುವ ಸೀರೆಯಿಂದ ಯಾರಿಗೇನು ಬಂತು, ತಾಯಿಯ ಸೀರೆಯ ಮೇಲೆ ಟ್ರಂಕಿಗಿಂತ ಮಗಳಿಗೆ ಹಕ್ಕು ಹೆಚ್ಚಲ್ಲವೇ ಅಂದರು. ಹೆಡ್ಮಾಷ್ಟ್ರು ಹಿಂದಿನಿಂದ ಕಣ್ಣುಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ಇದೆಲ್ಲ ನಡೆದದ್ದು ಅಂಜನಮ್ಮನ ಮುಂದೆ, ಇಡೀ ಕ್ಲಾಸಿನ ಮುಂದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡವರಿಗೆ ಎದುರಿಗಿದ್ದವರ ಮುಖ ಕಾಣುವುದಿಲ್ಲ.

ದೊಡ್ಡಮುನಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು ಹೇಳಿದರು: "ನಿಮ್ ಕಡೆ ಅಂಗಿರ್ಬೋದು ಮೇಡಮ್ಮೋರೆ. ನಮ್ ಮನೇಗೆ ಅವ್ಳು ಇನ್ನೂ ಉಣ್ಣಕ್ ಬತ್ತಾಳೆ. ಬಂದಾಗ ಉಟ್ಕಳ್ಳಕೆ ಅದೊಂದೇ ಸೀರೆ."

ಶರಣವ್ವ ಕತ್ತರಿ ತೆಗೆದುಕೊಂಡು ಬಿಚ್ಚಲು ಕೂತರು. ತಾವೇ ಒತ್ತಾಗಿ ಹಾಕಿದ ಮೂರು ಸುತ್ತಿನ ಹೊಲಿಗೆ, ಬೇಗ ಬಿಚ್ಚಿಕೊಳ್ಳಲಿಲ್ಲ. ಅಷ್ಟು ಹೊತ್ತೂ ತಾಯಿ ಮಗ ನಿಂತೇ ಇದ್ದರು, ಕುರ್ಚಿ ಹಾಕಿದರೂ ಕೂರಲಿಲ್ಲ. ಬಟ್ಟೆ ಕೈಗೆ ಕೊಟ್ಟಾಗ ಅದರ ಸುತ್ತ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಮುನಿಗಂಗಮ್ಮ ಅವನ್ನು ಬೆರಳಲ್ಲಿ ಸವರಿ ನೋಡಿ, ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಾರನೆಯ ದಿನದಿಂದ ಅಂಜನಮ್ಮ ಶಾಲೆಗೆ ಬರಲಿಲ್ಲ. ಒಂದು ವಾರ ನೋಡಿ, ಭಾನುವಾರ ಶರಣವ್ವ ಹೊರಟು ನಿಂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಈಗ ಹೋಗಿ ಏನು ಮಾಡುತ್ತೀ ಎಂದ ಕಾಶಿನಾಥ. ತಪ್ಪಾಯಿತು ಅನ್ನುವುದರ ಹೊರತು ಬೇರೆ ಒಂದು ಮಾತೂ ಆಡುವುದಿಲ್ಲ ಎಂದು ಗಂಡನಿಗೆ ಭಾಷೆ ಕೊಟ್ಟು ಬಸ್ಸು ಹತ್ತಿದರು.

ತೋಟದ ಮನೆಯಲ್ಲಿ ಅವರನ್ನು ಯಾರೂ ಬೈಯಲಿಲ್ಲ. ಚಾಪೆ ಹಾಸಿದರು, ಕಾಫಿ ಕೊಟ್ಟರು, ಒಂದು ಮೊರ ದ್ರಾಕ್ಷಿ ತಂದು ಮುಂದಿಟ್ಟರು. ಬೈದಿದ್ದರೇ ವಾಸಿಯಿತ್ತು. ಶರಣವ್ವ ಮುನಿಗಂಗಮ್ಮನವರ ಕಾಲು ಮುಟ್ಟಿ, ನನ್ನ ತಪ್ಪಿಗೆ ಮಗುವನ್ನು ಶಾಲೆ ಬಿಡಿಸಬೇಡಿ, ಮಾರ್ಚಿನವರೆಗೆ ಎಂದು ನೀವೇ ಮಾತು ಕೊಟ್ಟಿದ್ದಿರಿ ಎಂದು ಬೇಡಿಕೊಂಡರು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಂಡರು.

"ನಾನು ಬ್ಯಾಡ ಅಂದಿಲ್ಲ ಕಣವ್ವ. ಅವ್ಳನ್ನೇ ಕೇಳೋಗು, ಇತ್ಲಾಗವ್ಳೆ."

ಇದು ದೊಡ್ಡವರು ತಪ್ಪಿಸಿಕೊಳ್ಳುವ ದಾರಿ ಎಂದೇ ಶರಣವ್ವ ತಿಳಿದರು. ಹುಡುಗಿಗೆ ಹೇಳಿಕೊಟ್ಟಿರುತ್ತಾರೆ, ಒಂದು ಸಲ ಮುಖಾಮುಖಿ ಕೂತರೆ ಒಪ್ಪಿಸಬಹುದು ಎಂಬ ಆಸೆಯಲ್ಲಿ ಹಿತ್ತಲಿಗೆ ಹೋದರು. ಅಂಜನಮ್ಮ ಬಾವಿಯ ಪಕ್ಕ ಕೂತು ಪಾತ್ರೆ ಉಜ್ಜುತ್ತಿದ್ದಳು. ಟೀಚರನ್ನು ಕಂಡು ಎದ್ದು ನಿಂತಳು, ಬೂದಿಯ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು. ಶರಣವ್ವ ಏನೇನೋ ಹೇಳಿದರು. ಪರೀಕ್ಷೆಗೆ ಫೀಸು ತಾವೇ ಕಟ್ಟಿರುವುದು, ಶನಿವಾರ ಹುಡುಗಿಯರು ಅವಳನ್ನು ಕೇಳುವುದು, ಇನ್ನು ಮುಂದೆ ಕೌದಿಯೂ ಬೇಡ, ಏನೂ ಬೇಡ ಎನ್ನುವುದು. ಹುಡುಗಿ ನೆಲ ನೋಡುತ್ತಾ ಎಲ್ಲವನ್ನೂ ಕೇಳಿದಳು.

"ಯಾರೂ ಬ್ಯಾಡ ಅಂದಿಲ್ಲ ಟೀಚರ್. ನಾನೇ ಬರಲ್ಲ ಅಂದೆ."

ಯಾಕವ್ವ ಎಂದು ಶರಣವ್ವ ಕೇಳಿದರು.

"ಈ ಸತಿ ಕಾಗೆ ಎಡೆ ಮುಟ್ಲಿಲ್ಲ. ಕತ್ಲಾಗೋಗಂಟ ನಾನು ಮನೆ ಮೇಲೇ ಕೂತಿದ್ದೆ."

ಕಾಗೆ ಒಂದೊಂದು ಸಲ ಬರುವುದಿಲ್ಲ, ಮಳೆ ಮೋಡ ಇದ್ದಿರಬೇಕು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಶರಣವ್ವ ಹೇಳತೊಡಗಿದರು. ಹೇಳುತ್ತಾ ಹೇಳುತ್ತಾ ಅವರಿಗೇ ತಮ್ಮ ಮಾತು ಸಪ್ಪೆಯಾಯಿತು. ಹುಡುಗಿ ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ದೊಡ್ಡವರು ಹೇಳಿದ್ದನ್ನು ನಂಬಿದ ಮಗುವಿನ ಮುಖ ಅದು.

"ಸ್ಕೂಲ್ಗೆ ಬತ್ತಾಳೆ ಅಂದ್ರಿ. ಅಲ್ಗೂ ಬರ್ಲಿಲ್ಲ. ಮನೇಗೂ ಬರ್ಲಿಲ್ಲ."

ಶರಣವ್ವ ಬಾವಿಯ ಕಟ್ಟೆಯ ಮೇಲೆ ಕೂತರು. ಇಷ್ಟು ದಿನ ಅಜ್ಜಿಯ ಮೇಲೆ, ಅಪ್ಪನ ಮೇಲೆ, ಈ ಸೀಮೆಯ ಮೇಲೆ ಹೊರಿಸುತ್ತಿದ್ದದ್ದೆಲ್ಲ ಈಗ ಅವರೊಬ್ಬರ ತಲೆಯ ಮೇಲೆ ಬಂದು ಕೂತಿತು. ಹುಡುಗಿ ಮತ್ತೆ ಕೂತು ಉಜ್ಜತೊಡಗಿದಳು. ಬಸ್ಸು ಹೋಗಿಬಿಡುತ್ತದೆ ಟೀಚರ್ ಎಂದು ಅವಳೇ ನೆನಪಿಸಿದಳು.

ಮಾಘದಲ್ಲಿ ಅವಳನ್ನು ಮಾಕಳಿಯಲ್ಲಿದ್ದ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದರು. ಅಮ್ಮನ ತವರು ಮನೆ ಅದು. ಅಮ್ಮ ಅಲ್ಲಿಗಾದರೂ ಬರಬಹುದು ಅಂತ ಹುಡುಗಿಯೇ ಒಪ್ಪಿಕೊಂಡಳಂತೆ.